ಸಿಲಬಸ್ಸಿನಿಂದ ಬಿಟ್ಟುಹೋದ ಸೆಮಿಸ್ಟರ್: ಎಂಐಟಿಯ ಒಂದು ಉಚಿತ ಕೋರ್ಸಿನ ವಿಮರ್ಶೆ

ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು, ಒಂದು ಶುಕ್ರವಾರದ ಸಂಜೆ, ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಯುವ ಗಿಟ್‌ನಲ್ಲಿ ಫೋರ್ಸ್ ಪುಶ್ (ಸರ್ವರ್ ಮೇಲಿರುವುದರ ಜಾಗದಲ್ಲಿ ನಮ್ಮದನ್ನು ಬಲವಂತವಾಗಿ ಕೂರಿಸುವುದು) ಕೊಟ್ಟು ಸಹೋದ್ಯೋಗಿಯೊಬ್ಬರ ಎರಡು ದಿನದ ಕೆಲಸವನ್ನು ಸರ್ವರ್ ಮೇಲಿಂದ ಕಾಣೆಯಾಗಿಸಿದ್ದೆ. ಆ ಕಮಾಂಡ್ ನಾನು ಯೋಚಿಸಿ ಬರೆದದ್ದಲ್ಲ. ಇಂಟರ್ನೆಟ್ಟಿನಲ್ಲಿ ಯಾರೋ ಯಾರಿಗೋ ಕೊಟ್ಟಿದ್ದ ಉತ್ತರವನ್ನು ಹಾಗೆಯೇ ಎತ್ತಿ ಅಂಟಿಸಿದ್ದೆ. ಎಂಜಿನಿಯರಿಂಗ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ವಿಷಯದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು, ರೆಡ್-ಬ್ಲ್ಯಾಕ್ ಟ್ರೀಯನ್ನು ಕಾಗದದ ಮೇಲೆ ತಿರುಗಿಸಿ ತೋರಿಸಬಲ್ಲವನಾಗಿದ್ದೆ, ಆದರೆ ದಿನಕ್ಕೆ ಹತ್ತು ಸಲ ಕೈಗೆತ್ತಿಕೊಳ್ಳುವ ಉಪಕರಣವು ಒಳಗೆ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ತಂಡದ ಹಿರಿಯರೊಬ್ಬರು ಬಂದು, ಆ ಸಹೋದ್ಯೋಗಿಯ ಕಂಪ್ಯೂಟರಿನ ಮುಂದೆ ಕುಳಿತು, ನಾಲ್ಕು ನಿಮಿಷದಲ್ಲಿ ಎಲ್ಲವನ್ನೂ ಮರಳಿ ತಂದು, ‘ಏನೂ ಹೋಗಿಲ್ಲ ಮಾರಾಯ, ಹೆದರಬೇಡ’ ಎಂದು ಹೇಳಿ ಕಾಫಿಗೆ ಹೊರಟುಹೋದರು. ಏನೂ ಹೋಗಿಲ್ಲವೆಂದರೆ ಹೇಗೆ ಎಂದು ಕೇಳುವ ಧೈರ್ಯ ಆಗ ಬರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಕೆಲವು ವರ್ಷಗಳ ನಂತರ, ‘ದ ಮಿಸ್ಸಿಂಗ್ ಸೆಮಿಸ್ಟರ್ ಆಫ್ ಯುವರ್ ಸಿಎಸ್ ಎಜುಕೇಶನ್’ ಎಂಬ ಕೋರ್ಸಿನ ಆರನೆಯ ಪಾಠದಲ್ಲಿ. ಈ ಬರಹ ಆ ಕೋರ್ಸಿನ 2020ರ ಆವೃತ್ತಿಯನ್ನು ಕುರಿತದ್ದು.

ಅಮೆರಿಕದ ಎಂಐಟಿಯಲ್ಲಿ ಜನವರಿ ತಿಂಗಳು ಎರಡು ಸೆಮಿಸ್ಟರ್‌ಗಳ ನಡುವಿನ ಬಿಡುವಿನ ಕಾಲ. ಆಗ ಯಾರು ಬೇಕಾದರೂ ತಮಗೆ ಗೊತ್ತಿರುವುದನ್ನು ಇತರರಿಗೆ ಕಲಿಸುವ ರೂಢಿ ಅಲ್ಲಿದೆ. 2020ರ ಜನವರಿಯ ಅಂಥ ಬಿಡುವಿನಲ್ಲಿ ಅನೀಶ್ ಅಥಲ್ಯೆ, ಜಾನ್ ಯೆಂಗ್ಸೆಟ್ ಮತ್ತು ಹೊಸೆ ಹವಿಯೆರ್ ಗೊನ್ಸಾಲೆಸ್ ಒರ್ಟಿಸ್ ಎಂಬ ಮೂವರು ಸಂಶೋಧನಾ ವಿದ್ಯಾರ್ಥಿಗಳು ಈ ಪಾಠಗಳನ್ನು ನಡೆಸಿದರು. ಒಟ್ಟು ಹನ್ನೊಂದು ತರಗತಿಗಳು, ಕೊನೆಯದು ಪ್ರಶ್ನೋತ್ತರ. ವಿಡಿಯೋಗಳು ಯೂಟ್ಯೂಬ್‌ನಲ್ಲಿವೆ, ಪ್ರತಿ ಪಾಠಕ್ಕೂ ಲಿಖಿತ ಟಿಪ್ಪಣಿ ಮತ್ತು ಅಭ್ಯಾಸಗಳು ಕೋರ್ಸಿನ ತಾಣದಲ್ಲಿವೆ, ಸ್ವಯಂಸೇವಕರು ಟಿಪ್ಪಣಿಗಳನ್ನು ಹಲವು ಭಾಷೆಗಳಿಗೆ ಅನುವಾದಿಸಿದ್ದಾರೆ, ಮತ್ತು ಇದ್ಯಾವುದಕ್ಕೂ ಒಂದು ಪೈಸೆ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಆಪರೇಟಿಂಗ್ ಸಿಸ್ಟಂನಿಂದ ಮಷೀನ್ ಲರ್ನಿಂಗ್‌ವರೆಗೆ ಎಲ್ಲವನ್ನೂ ಕಲಿಸುವ ಕಾಲೇಜು, ಆ ಕಲಿಕೆಗೂ ಮುಂದಿನ ಕೆಲಸಕ್ಕೂ ಬೇಕಾದ ಉಪಕರಣಗಳನ್ನು ಮಾತ್ರ ‘ನೀವೇ ಕಲಿತುಕೊಳ್ಳಿ’ ಎಂದು ಬಿಟ್ಟುಬಿಡುತ್ತದೆ ಎಂಬ ಅಸಮಾಧಾನವೇ ಕೋರ್ಸಿನ ಮೂಲ.

ಈ ಅಸಮಾಧಾನ ನಮಗೆ ಹೊಸದಲ್ಲ. ನಮ್ಮ ಪಠ್ಯಕ್ರಮದಲ್ಲಿ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಎಂಬ ವಿಷಯವೇನೋ ಇತ್ತು; ನಾವು ಬೆರಳಚ್ಚಿಸಿದ ಕಮಾಂಡುಗಳನ್ನು ಓದಿ ಓಡಿಸುವ ಕಾರ್ಯಕ್ರಮವೇ ಶೆಲ್. ಪಠ್ಯದಲ್ಲಿ ಹುಡುಕಲು ಬಳಸುವ ಗ್ರೆಪ್ ಕಮಾಂಡಿನ ಆಯ್ಕೆಗಳನ್ನು ಉದಾಹರಣೆ ಸಹಿತ ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆಗೆ ನಾವೆಲ್ಲ ಎರಡು ಪುಟ ತುಂಬಾ ಉತ್ತರ ಬರೆದವರೇ, ಆದರೆ ಪೆನ್ನಿನಲ್ಲಿ.

ಮಿಸ್ಸಿಂಗ್ ಸೆಮಿಸ್ಟರ್‌ನ ಗುಣವನ್ನು ತಿಳಿಯಲು ಅದರ ವಿಡಿಯೋಗಳಿಗಿಂತ ಮೊದಲು ಅಭ್ಯಾಸಗಳನ್ನು ನೋಡಬೇಕು. ಮೊದಲನೆಯ ಪಾಠದ ಅಭ್ಯಾಸ ಮಕ್ಕಳಾಟದಂತೆ ಶುರುವಾಗುತ್ತದೆ: ತಾತ್ಕಾಲಿಕ ಡೈರೆಕ್ಟರಿಯೊಳಗೆ ‘ಮಿಸ್ಸಿಂಗ್’ ಎಂಬ ಹೊಸ ಡೈರೆಕ್ಟರಿ ಮಾಡಿ, ಅದರಲ್ಲಿ ‘ಸೆಮಿಸ್ಟರ್’ ಎಂಬ ಫೈಲ್ ಸೃಷ್ಟಿಸಿ, ಅದಕ್ಕೆ ಎರಡು ಸಾಲು ಬರೆಯಿರಿ. ಆ ಎರಡು ಸಾಲು ಬರೆಯುವಾಗಲೇ ಮೊದಲ ಎಡವು ಕಾದಿರುತ್ತದೆ, ಏಕೆಂದರೆ ಮೊದಲ ಸಾಲಿನಲ್ಲಿ ಬರುವ ಆಶ್ಚರ್ಯಸೂಚಕ ಚಿಹ್ನೆಗೆ ಬ್ಯಾಶ್ ಎಂಬ ಶೆಲ್‌ನಲ್ಲಿ ಬೇರೆಯೇ ಅರ್ಥವಿದ್ದು, ಜೋಡಿ ಉದ್ಧರಣ ಚಿಹ್ನೆಯ ಒಳಗಿಟ್ಟರೂ ಅದು ಸುಮ್ಮನಿರುವುದಿಲ್ಲ. ಒಂಟಿ ಚಿಹ್ನೆಯೊಳಗಿಟ್ಟರೆ ಮಾತ್ರ ಸುಮ್ಮನಾಗುತ್ತದೆ. ಅದನ್ನು ದಾಟಿ ಫೈಲನ್ನು ಓಡಿಸಹೊರಟರೆ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ. ಅದೇ ಫೈಲಿನ ಹೆಸರಿನ ಮುಂದೆ ಶೆಲ್‌ನ ಹೆಸರನ್ನು ಸೇರಿಸಿದರೆ ಓಡುತ್ತದೆ. ಏಕೆ ಹೀಗೆ ಎಂದು ಕೋರ್ಸ್ ಕೇಳುತ್ತದೆಯೇ ಹೊರತು ಹೇಳುವುದಿಲ್ಲ. ಮೊದಲ ಸಲ ಆ ಫೈಲನ್ನೇ ಕಾರ್ಯಕ್ರಮವಾಗಿ ಓಡಿಸಲು ಯತ್ನಿಸಿದೆವು, ಎರಡನೆಯ ಸಲ ಓಡಿದ್ದು ಶೆಲ್, ಫೈಲ್ ಅದಕ್ಕೆ ಬರಿಯ ಓದುವ ವಸ್ತುವಾಗಿತ್ತು ಎಂಬುದು ಹೊಳೆಯಲು ನನಗೆ ಅರ್ಧ ಗಂಟೆ ಬೇಕಾಯಿತು. ಏಳೆಂಟು ವರ್ಷ, ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಕಮಾಂಡನ್ನು, ‘ಸಿಎಚ್‌ಮಾಡ್ 777’ ಎಂದು ಮಂತ್ರದಂತೆ ಹೊಡೆಯುತ್ತಿದ್ದ ಕೈ ಆ ಅರ್ಧ ಗಂಟೆಯ ನಂತರ ಅದನ್ನು ಬಿಟ್ಟಿತು.

ಎರಡನೆಯ ಪಾಠದಲ್ಲಿ ಇನ್ನೊಂದು ಅಭ್ಯಾಸವಿದೆ. ನನ್ನ ಮಟ್ಟಿಗೆ ಇಡೀ ಕೋರ್ಸಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ. ಅವರು ಒಂದು ಪುಟ್ಟ ಸ್ಕ್ರಿಪ್ಟ್ ಕೊಡುತ್ತಾರೆ. ಅದು ಪ್ರತಿ ಸಲವೂ 0 ಮತ್ತು 99ರ ನಡುವಿನ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿ, ಅದು 42 ಆದಾಗ ಮಾತ್ರ ವಿಫಲವಾಗುತ್ತದೆ. ಉಳಿದಂತೆ ಎಲ್ಲವೂ ಸರಿಯಾಗಿದೆ ಎಂದು ಹೇಳುತ್ತದೆ. ಅದು ಕೆಡುವವರೆಗೆ ಮತ್ತೆ ಮತ್ತೆ ಓಡಿಸಿ, ಅದರ ಸಾಮಾನ್ಯ ಔಟ್‌ಪುಟ್ ಮತ್ತು ದೋಷದ ಔಟ್‌ಪುಟ್ ಎರಡನ್ನೂ ಫೈಲಿನಲ್ಲಿ ಹಿಡಿದು, ಎಷ್ಟನೆಯ ಸಲ ಕೆಟ್ಟಿತೆಂದು ಹೇಳುವ ಇನ್ನೊಂದು ಸ್ಕ್ರಿಪ್ಟನ್ನು ನಾವು ಬರೆಯಬೇಕು. ನನ್ನದು ಮೊದಲ ಸಲ 37ನೆಯ ಸುತ್ತಿಗೆ ಕೆಟ್ಟಿತು, ಮರುದಿನ 212ನೆಯದಕ್ಕೆ. ಆಫೀಸಿನಲ್ಲಿ ವಾರಕ್ಕೊಮ್ಮೆ ಮಾತ್ರ ಬಿದ್ದು, ಯಾರಾದರೂ ನೋಡಲು ಬಂದರೆ ಸಾಧುವಿನಂತೆ ಪಾಸಾಗಿಬಿಡುವ, ಕೋಡನ್ನು ತಾನಾಗಿ ಪರೀಕ್ಷಿಸುವ ಟೆಸ್ಟ್‌ಗಳಿರುತ್ತವೆಯಲ್ಲ, ಅವುಗಳ ಬೆನ್ನು ಹತ್ತುವ ವಿಧಾನ ಇದೇ. ಅದನ್ನು ಕೆಲವೇ ಸಾಲಿನ ಆಟವಾಗಿ ಇಳಿಸಿದ್ದರಲ್ಲಿ ಬೋಧಕರ ಜಾಣ್ಮೆ ಕಾಣುತ್ತದೆ. ಇಂಥ ಅಭ್ಯಾಸಗಳಿಗೆ ಟಿಪ್ಪಣಿಯಲ್ಲಿ ಉತ್ತರ ಕೊಟ್ಟಿಲ್ಲದಿರುವುದನ್ನು ಕೆಲವರು ಕೊರತೆ ಎನ್ನುತ್ತಾರೆ. ಶೆಲ್‌ನಲ್ಲಿ ಉತ್ತರ ಸರಿಯೇ ತಪ್ಪೇ ಎಂಬುದನ್ನು ಪರದೆಯೇ ಹೇಳುವುದರಿಂದ ನನಗೆ ಅದು ಕೊರತೆಯಾಗಿ ಕಾಣಲಿಲ್ಲ.

ಮೂರನೆಯ ಪಾಠ ವಿಮ್ ಎಡಿಟರ್ ಕುರಿತದ್ದು. ಮುಂದಿನ ಒಂದು ತಿಂಗಳು ಎಲ್ಲ ಬರವಣಿಗೆಗೂ ವಿಮ್ ಒಂದನ್ನೇ ಬಳಸಿ ಎಂಬುದು ಅದರ ಅಭ್ಯಾಸ. ನಾನು ಹನ್ನೊಂದನೆಯ ದಿನಕ್ಕೆ ಸೋತೆ. ದೂರದ ಸರ್ವರ್ ಮೇಲೆ ಒಂದು ಕಾನ್ಫಿಗ್ ಫೈಲ್ ತಿದ್ದಿ ಹೊರಬರುವಷ್ಟು ಕಲಿತರೆ ಬಹುಪಾಲು ಜನರಿಗೆ ಸಾಕು, ಆ ಬಗ್ಗೆ ಯಾರೂ ಕೀಳರಿಮೆ ಪಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಪಾಠ ದತ್ತಾಂಶವನ್ನು ಜರಡಿ ಹಿಡಿಯುವ ವಿದ್ಯೆ. ಯೆಂಗ್ಸೆಟ್ ತಮ್ಮ ಸರ್ವರಿನ ಲಾಗನ್ನು ತೆರೆದು, ಒಳನುಗ್ಗಲು ಯತ್ನಿಸಿದವರು ಯಾವ ಯಾವ ಬಳಕೆದಾರ ಹೆಸರುಗಳನ್ನು ಪ್ರಯೋಗಿಸಿದ್ದಾರೆ ಎಂಬುದನ್ನು ಗ್ರೆಪ್, ಸೆಡ್, ಸಾರ್ಟ್, ಯುನಿಕ್, ಆಕ್ ಎಂಬ ಹಳೆಯ ಕಮಾಂಡುಗಳನ್ನು ಒಂದಕ್ಕೊಂದು ಪೈಪಿನಿಂದ (ಒಂದರ ಔಟ್‌ಪುಟ್ ಮುಂದಿನದರೊಳಗೆ ಹರಿಯುವಂತೆ) ಜೋಡಿಸುತ್ತ ಬಿಡಿಸಿ ತೋರಿಸುತ್ತಾರೆ. ಒಂದೊಂದು ಹಂತಕ್ಕೂ ನಿಂತು, ಈಗ ಕೈಗೆ ಬಂದದ್ದೇನು ಎಂದು ನೋಡಿ, ನಂತರವೇ ಮುಂದಿನ ಕಮಾಂಡನ್ನು ಹಚ್ಚುವ ಅವರ ರೀತಿ, ಹೂ ಕಟ್ಟುವವರು ಎರಡೆರಡು ಹೂವಿಗೊಮ್ಮೆ ದಾರವನ್ನು ಎಳೆದು ನೋಡುವಂತಿದೆ. ಅವರು ಮಾತನಾಡುವ ವೇಗ ಮಾತ್ರ ಹೆಚ್ಚು. ನಾನು ವಿಡಿಯೋವನ್ನು ಮುಕ್ಕಾಲು ವೇಗಕ್ಕಿಳಿಸಿ, ಸಬ್‌ಟೈಟಲ್ ಹಾಕಿಕೊಂಡು ನೋಡಿದೆ.

ಆದರೆ ಉದಾಹರಣೆಗಳೆಲ್ಲವೂ ಇಂಗ್ಲಿಷ್ ಅಕ್ಷರಗಳ ಲೋಕದವು, ಮತ್ತು ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಇದು ದೊಡ್ಡ ಕೊರತೆ. ಪಾಠ ಮುಗಿದ ರಾತ್ರಿ ನಾನು ‘ಕನ್ನಡ’ ಎಂಬ ಒಂದೇ ಪದವನ್ನು ಫೈಲಿಗೆ ಹಾಕಿ ಎಣಿಕೆಯ ಕಮಾಂಡಿಗೆ ಕೊಟ್ಟೆ. ಬೈಟ್‌ಗಳನ್ನು ಎಣಿಸೆಂದರೆ 16 ಎಂದಿತು, ಕ್ಯಾರೆಕ್ಟರ್‌ಗಳನ್ನು ಎಣಿಸೆಂದರೆ 6 ಎಂದಿತು. ಎರಡು ಲೆಕ್ಕದಲ್ಲೂ 1 ಸೇರಿರುವುದು ಸಾಲಿನ ಕೊನೆಯ ಗುರುತಿಗಾಗಿ. ಅದನ್ನು ಕಳೆದರೆ 15 ಮತ್ತು 5 ಉಳಿಯುತ್ತವೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪ್ರಕಾರ ಆ ಪದದಲ್ಲಿ ಕ, ನ, ಅ-ಕಾರವನ್ನು ಅಳಿಸುವ ವಿರಾಮದ ಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತಗಳಿದ್ದು, ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಇದರಿಂದಾಗಿ ‘ಮೂರು ಅಕ್ಷರದ ಪದಗಳನ್ನು ಹುಡುಕು’ ಎಂದು ಗ್ರೆಪ್‌ಗೆ ಮೂರು ಚುಕ್ಕಿ (ಒಂದೊಂದೂ ಯಾವುದಾದರೂ ಒಂದು ಕ್ಯಾರೆಕ್ಟರ್) ಕೊಟ್ಟು, ಇಡೀ ಪದ ಅಷ್ಟೇ ಇರಬೇಕೆಂದರೆ ಅದು ‘ಮರಳು’ ಎಂಬುದನ್ನೂ ಬಿಟ್ಟುಬಿಡುತ್ತದೆ, ಏಕೆಂದರೆ ಕೊನೆಯ ಕೊಂಬು ಪ್ರತ್ಯೇಕ ಸಂಕೇತ. ‘ಕನ್ನಡ’ ಸಿಗಬೇಕಾದರೆ ಐದು ಚುಕ್ಕಿ ಇಡಬೇಕು. ಹೆಸರಿನ ಕಾಲಂಗೆ ಇಪ್ಪತ್ತು ಕ್ಯಾರೆಕ್ಟರ್ ಸಾಕೆಂದು ನಿಗದಿಮಾಡಿ, ನಂತರ ಕನ್ನಡದ ಹೆಸರುಗಳು ಒತ್ತಕ್ಷರದ ನಡುವೆಯೇ ತುಂಡಾಗಿ ಮುದ್ರಣವಾಗುವುದನ್ನು ನೋಡಿ ತಲೆ ಕೆರೆದುಕೊಂಡವರಿಗೆ ಈ ಲೆಕ್ಕದ ಬೆಲೆ ಗೊತ್ತು. ಲಿಪಿ ಸಂಕೇತಗಳ ವಿಷಯಕ್ಕೆ ಕೋರ್ಸಿನಲ್ಲಿ ಪ್ರತ್ಯೇಕ ಪಾಠವಿಲ್ಲ, ಆದರೆ ಅದನ್ನು ನಾವೇ ಪರೀಕ್ಷಿಸಿ ನೋಡುವ ಉಪಕರಣಗಳನ್ನು ಕೈಗೆ ಕೊಟ್ಟದ್ದು ಅದೇ ಕೋರ್ಸ್ ಎಂಬುದನ್ನೂ ಒಪ್ಪಬೇಕು.

ಇನ್ನು ಆರನೆಯ ಪಾಠ. ಗಿಟ್ ಕಲಿಸುವ ಬಹಳಷ್ಟು ವಿಡಿಯೋಗಳು ಮೊದಲು ಕ್ಲೋನ್, ನಂತರ ಆ್ಯಡ್, ನಂತರ ಕಮಿಟ್, ನಂತರ ಪುಶ್ ಎಂದು ಪೂಜಾವಿಧಿಯಂತೆ ಕ್ರಮವನ್ನು ಒಪ್ಪಿಸುತ್ತವೆ. ವಿಧಿ ತಪ್ಪಿದಾಗ ಏನು ಮಾಡಬೇಕೆಂಬುದು ಅವುಗಳಲ್ಲಿರುವುದಿಲ್ಲ. ಅಥಲ್ಯೆಯವರು ಇಲ್ಲಿ ಕಮಾಂಡುಗಳನ್ನು ಪಕ್ಕಕ್ಕಿಟ್ಟು, ಗಿಟ್ ಒಳಗಡೆ ಏನನ್ನು ಸಂಗ್ರಹಿಸುತ್ತದೆ ಎಂಬಲ್ಲಿಂದ ಆರಂಭಿಸುತ್ತಾರೆ. ಗಿಟ್‌ನ ಹೊರಮುಖ ಕುರೂಪವೆಂದು, ಒಳವಿನ್ಯಾಸ ಮಾತ್ರ ಸುಂದರವೆಂದು ಅವರೇ ಒಪ್ಪಿಕೊಳ್ಳುತ್ತಾರೆ, ಆದ್ದರಿಂದ ಒಳಗಿನಿಂದ ಹೊರಕ್ಕೆ ಬರುವುದೇ ಸರಿಯಾದ ದಾರಿ. ಫೈಲಿನ ಒಡಲು ಒಂದು ಬ್ಲಾಬ್. ಹೆಸರುಗಳನ್ನು ಬ್ಲಾಬ್‌ಗಳಿಗೋ ಉಪ-ಡೈರೆಕ್ಟರಿಗಳಿಗೋ ಹೊಂದಿಸುವ ಪಟ್ಟಿ ಒಂದು ಟ್ರೀ. ಒಂದು ಕ್ಷಣದ ಇಡೀ ಚಿತ್ರ, ಅದನ್ನು ತೆಗೆದವರ ಹೆಸರು, ಸಂದೇಶ, ಮತ್ತು ಅದಕ್ಕೆ ಹಿಂದಿನ ಚಿತ್ರ ಯಾವುದೆಂಬ ಗುರುತು, ಇಷ್ಟು ಸೇರಿದರೆ ಒಂದು ಕಮಿಟ್. ಪ್ರತಿಯೊಂದಕ್ಕೂ ಅದರ ಒಡಲಿನಿಂದಲೇ ಲೆಕ್ಕ ಹಾಕಿದ 40 ಅಂಕಿ-ಅಕ್ಷರಗಳ ಹೆಸರು ಇರುವುದರಿಂದ ಒಳಗಿನ ಒಂದು ಚುಕ್ಕೆ ಬದಲಾದರೂ ಹೆಸರು ಬದಲಾಗುತ್ತದೆ, ಅಂದರೆ ಕಮಿಟ್ ಒಮ್ಮೆ ಆಯಿತೆಂದರೆ ಅದನ್ನು ತಿದ್ದಲು ಬರುವುದಿಲ್ಲ. ‘ತಿದ್ದುಪಡಿ’ ಎಂದು ನಾವು ಕರೆಯುವುದೆಲ್ಲ ಪಕ್ಕದಲ್ಲಿ ಹೊಸದೊಂದು ಕಮಿಟ್ ಹುಟ್ಟಿಸುವುದೇ ಆಗಿದೆ. ಹಾಗಾದರೆ ಬ್ರಾಂಚ್ ಎಂದರೇನು? ಒಂದು ಕಮಿಟ್‌ನತ್ತ ಬೊಟ್ಟುಮಾಡುವ ಹೆಸರಿನ ಚೀಟಿ, ಅಷ್ಟೇ. ಚೀಟಿಯನ್ನು ಕಿತ್ತು ಬೇರೆಡೆ ಅಂಟಿಸಬಹುದು.

ವಿಡಿಯೋದ ಆ ಹಂತದಲ್ಲಿ ನಾನು ನಿಲ್ಲಿಸಿದೆ. ಆ ಶುಕ್ರವಾರ ನಾನು ಅಳಿಸಿದ್ದು ಏನನ್ನೂ ಅಲ್ಲ, ಸರ್ವರ್ ಮೇಲಿದ್ದ ಚೀಟಿಯನ್ನು ಕಿತ್ತು ನನ್ನ ಕಮಿಟ್‌ಗೆ ಅಂಟಿಸಿದ್ದೆ. ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಅವರ ಚೀಟಿ ಅವರ ಕಮಿಟ್‌ನ ಮೇಲೆಯೇ ಇತ್ತು. ಹಿರಿಯರು ಅಲ್ಲಿ ಕುಳಿತು ನನ್ನದನ್ನು ಅದರೊಡನೆ ಸೇರಿಸಿ ಚೀಟಿಯನ್ನು ಮತ್ತೆ ಸರಿಯಾದ ಜಾಗಕ್ಕೆ ಕಳಿಸಿದ್ದರು. ಅಷ್ಟು ವರ್ಷ ಹೊಟ್ಟೆಯಲ್ಲಿ ಕುಳಿತಿದ್ದ ಭಯ ಇಳಿದದ್ದು ಆಗ. ಗಿಟ್ ಹುಟ್ಟಿದ್ದು 2005ರಲ್ಲಿ, ಇಂದು ನಾವು ಸೇರುವ ಬಹುತೇಕ ಪ್ರತಿ ಕಂಪನಿಯಲ್ಲೂ ಮೊದಲ ದಿನವೇ ಎದುರಾಗುವ ಉಪಕರಣ. ಅದರ ಒಳಗನ್ನು ಹೀಗೆ ಒಂದು ಗಂಟೆ ಕೂತು ತೋರಿಸಿದವರು ಕಾಲೇಜಿನಲ್ಲೂ ಆಫೀಸಿನಲ್ಲೂ ನನಗೆ ಸಿಕ್ಕಿರಲಿಲ್ಲ. ಈ ಪಾಠಕ್ಕೂ ಮಿತಿಯಿದೆ: ಒಳವಿನ್ಯಾಸಕ್ಕೆ ಕೊಟ್ಟ ಬಿಡುವು ಎರಡನೆಯ ಭಾಗಕ್ಕೆ ಉಳಿಯದೆ, ಎರಡು ಬ್ರಾಂಚ್‌ಗಳನ್ನು ಮರ್ಜ್ ಮಾಡುವಾಗ (ಕೂಡಿಸುವಾಗ) ಬರುವ ತಕರಾರುಗಳು ಅವಸರದಲ್ಲಿ ಮುಗಿಯುತ್ತವೆ, ಕಮಿಟ್‌ಗಳನ್ನು ಬೇರೊಂದು ಕಮಿಟ್‌ನ ಮೇಲೆ ಹೊಸದಾಗಿ ಕಟ್ಟುವ ರಿಬೇಸ್‌ಗೆ ಹೆಚ್ಚು ಜಾಗವಿಲ್ಲ. ಹತ್ತು ಜನ ಒಂದೇ ಕೋಡಿನ ಮೇಲೆ ಕೆಲಸ ಮಾಡುವ ತಂಡದಲ್ಲಿ ಜಗಳ ಹುಟ್ಟುವುದು ಈ ಎರಡರಿಂದಲೇ.

ಉಳಿದ ಪಾಠಗಳನ್ನು ಬೇಗ ಹೇಳಿಬಿಡಬಹುದು. ಐದನೆಯದರಲ್ಲಿ, ಸಂಪರ್ಕ ಕಡಿದರೂ ಕೆಲಸವನ್ನು ಉಳಿಸಿಕೊಳ್ಳುವ ಟಿಮಕ್ಸ್ ಮತ್ತು ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಸುವ ಎಸ್‌ಎಸ್‌ಎಚ್ ಭಾಗ, ಮನೆಯ ವೈಫೈ ಕೈಕೊಟ್ಟಾಗ ಎರಡು ಗಂಟೆಯ ಕೆಲಸ ಕಳೆದುಕೊಂಡವರಿಗೆಲ್ಲ ಬೇಕಾದದ್ದು. ಏಳನೆಯದು ಡಿಬಗ್ಗಿಂಗ್ (ಕೋಡಿನ ದೋಷ ಹುಡುಕುವುದು) ಕುರಿತು, ಪ್ರಿಂಟ್ ಹಾಕಿ ನೋಡುವುದರಿಂದ ಹಿಡಿದು ಡಿಬಗ್ಗರ್ ಮತ್ತು ವೇಗ ಅಳೆಯುವ ಪ್ರೊಫೈಲರ್‌ವರೆಗೆ ಬಹಳ ಸಾಮಾನುಗಳನ್ನು ಒಂದೇ ಸಂತೆಯಲ್ಲಿ ಹರಡುತ್ತದೆ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂಬ ವಿವೇಕವನ್ನು ಕೊಡುವುದಿಲ್ಲ. ಎಂಟನೆಯದಕ್ಕೆ ಮೆಟಾಪ್ರೋಗ್ರಾಮಿಂಗ್ ಎಂದು ಹೆಸರಿಟ್ಟಿದ್ದಾರೆ, ಆ ಪದಕ್ಕೆ ರೂಢಿಯಲ್ಲಿರುವ ಅರ್ಥ ಅದಲ್ಲ, ಬೇರೆ ಹೆಸರು ಹೊಳೆಯಲಿಲ್ಲವೆಂದು ಬೋಧಕರೇ ಒಪ್ಪುತ್ತಾರೆ. ಬಿಲ್ಡ್ (ಕೋಡಿನಿಂದ ಓಡುವ ಕಾರ್ಯಕ್ರಮವನ್ನು ಕಟ್ಟುವುದು), ಆವೃತ್ತಿ ಸಂಖ್ಯೆಗಳು, ಪ್ರತಿ ಪುಶ್‌ಗೂ ತಾನಾಗಿ ಓಡುವ ಪರೀಕ್ಷೆಗಳು ಅದರ ವಸ್ತು. ಒಂಬತ್ತನೆಯ ಪಾಠದಲ್ಲಿ ಗುಪ್ತಲಿಪಿಶಾಸ್ತ್ರವನ್ನು ಒಂದೇ ಗಂಟೆಗೆ ತುರುಕಿದ್ದಾರೆ, ಅದು ಅರಗುವುದಿಲ್ಲ, ಆದರೆ ಅದರ ಒಂದು ಲೆಕ್ಕವನ್ನು ನಾನು ಮನೆಯವರಿಗೂ ಮಾಡಿ ತೋರಿಸಿದ್ದೇನೆ. ಒಂದು ಲಕ್ಷ ಪದಗಳ ನಿಘಂಟಿನಿಂದ ಚೀಟಿ ಎತ್ತಿದಂತೆ ನಾಲ್ಕು ಪದ ಆರಿಸಿ ಜೋಡಿಸಿದ ಪಾಸ್‌ವರ್ಡ್ ಒಂದು; ದೊಡ್ಡಕ್ಷರ, ಸಣ್ಣಕ್ಷರ, ಅಂಕಿಗಳನ್ನು ಹಾಗೆಯೇ ಆರಿಸಿ ಮಾಡಿದ ಎಂಟು ಅಕ್ಷರದ, ನೋಡಲು ಭಯಂಕರವಾದ ಪಾಸ್‌ವರ್ಡ್ ಇನ್ನೊಂದು. ಸೆಕೆಂಡಿಗೆ ಹತ್ತು ಸಾವಿರದಂತೆ ಎಲ್ಲ ಸಾಧ್ಯತೆಗಳನ್ನೂ ಪ್ರಯತ್ನಿಸುವವನಿಗೆ ಎರಡನೆಯದನ್ನು ಪೂರ್ತಿ ಜಾಲಾಡಲು ಸುಮಾರು 690 ವರ್ಷ ಬೇಕು, ಮೊದಲನೆಯದಕ್ಕೆ 31 ಕೋಟಿ ವರ್ಷಕ್ಕೂ ಹೆಚ್ಚು. ನೆನಪಿಡಲು ಸುಲಭವಾದದ್ದೂ ಮೊದಲನೆಯದೇ.

ಇದಿಷ್ಟನ್ನು ಕಲಿತವರು ಒಳ್ಳೆಯ ವೃತ್ತಿಪರ ಪ್ರೋಗ್ರಾಮರ್ ಆಗುತ್ತಾರೆಯೇ ಎಂದರೆ, ಅರ್ಧ ಮಾತ್ರ. ಬಡಗಿಯ ಮಗ ಉಳಿ ಹಿಡಿಯುವುದನ್ನು, ಹಿಡಿಯುವುದಕ್ಕೂ ಮೊದಲು ಅದನ್ನು ಮಸೆಯುವುದನ್ನು ಕಲಿಯುತ್ತಾನೆ. ಈ ಕೋರ್ಸ್ ಕೊಡುವುದು ಆ ಪಾಠ. ಬಾಗಿಲಿನ ಅಳತೆ ತಪ್ಪಿದರೆ ಹೇಳುವವರು ಪಕ್ಕದಲ್ಲಿ ಬೇಕು. ನಾವು ಬರೆದ ಕೋಡನ್ನು ಇನ್ನೊಬ್ಬರು ಓದಿ ‘ಇದು ಓಡುತ್ತದೆ, ಆದರೆ ಅರ್ಥವಾಗುವುದಿಲ್ಲ’ ಎಂದು ಹೇಳುವ ಏರ್ಪಾಟು ಇಲ್ಲಿಲ್ಲ, ಟೆಸ್ಟ್ ಬರೆಯುವುದು ಎಂಟನೆಯ ಪಾಠದಲ್ಲಿ ಕೆಲವು ವ್ಯಾಖ್ಯೆಗಳಾಗಿ ಬಂದುಹೋಗುತ್ತದೆ, ಬೇರೆಯವರು ಬರೆದ ಲಕ್ಷ ಸಾಲಿನ ಕೋಡನ್ನು ಎಲ್ಲಿಂದ ಓದಲು ಶುರುಮಾಡಬೇಕೆಂಬ ಮಾತೇ ಇಲ್ಲ. ಈ ಕೊರತೆಯನ್ನು ನಾನು ತುಂಬಿಕೊಂಡದ್ದು ಎಕ್ಸರ್ಸಿಸಮ್ ಎಂಬ ತಾಣದಿಂದ. ಕತ್ರೀನಾ ಓವೆನ್ 2013ರಲ್ಲಿ ಆರಂಭಿಸಿದ ಅದು ಲಾಭರಹಿತ ಸಂಸ್ಥೆ, ಉಚಿತ, ಮತ್ತು ಅದರಲ್ಲಿ 70ಕ್ಕೂ ಹೆಚ್ಚು ಪ್ರೋಗ್ರಾಮಿಂಗ್ ಭಾಷೆಗಳಿವೆ. ಸಮಸ್ಯೆಯ ಜೊತೆಗೆ ಟೆಸ್ಟ್ ಫೈಲನ್ನೂ ಕೊಡುತ್ತಾರೆ. ಟೆಸ್ಟ್ ಪಾಸಾದ ಮೇಲೆ ನಿಜವಾದ ಕಲಿಕೆ ಶುರು, ಏಕೆಂದರೆ ಆಗ ನಮ್ಮ ಕೋಡನ್ನು ಓದಿ ಅಭಿಪ್ರಾಯ ಹೇಳಲು ಸ್ವಯಂಸೇವಕ ಮಾರ್ಗದರ್ಶಕರನ್ನು ಕೋರಬಹುದು. ನನ್ನ ಒಂದು ಪೈಥಾನ್ ಫಂಕ್ಷನ್‌ಗೆ ‘ಪ್ರೊಸೆಸ್’ ಎಂದು ಹೆಸರಿಟ್ಟಿದ್ದೆ. ಇದು ಏನನ್ನು ಮಾಡುತ್ತದೆಂದು ನಿಮ್ಮ ಅಮ್ಮನಿಗೆ ಒಂದು ವಾಕ್ಯದಲ್ಲಿ ಹೇಳಿ, ಆ ವಾಕ್ಯದ ಕ್ರಿಯಾಪದವನ್ನೇ ಹೆಸರಾಗಿಡಿ ಎಂಬ ಅರ್ಥದ ಟಿಪ್ಪಣಿ ಬಂತು. ಆ ಫಂಕ್ಷನ್ ಮೂರು ಕೆಲಸ ಮಾಡುತ್ತಿತ್ತೆಂಬುದು ವಾಕ್ಯ ಮಾಡಹೊರಟಾಗಲೇ ತಿಳಿಯಿತು. ಮಾರ್ಗದರ್ಶಕರ ಉತ್ತರಕ್ಕೆ ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಬಿಟ್ಟಿ ಸೇವೆಗೆ ಅಷ್ಟು ತಾಳ್ಮೆ ಇರಬೇಕು.

ಪ್ರಮಾಣಪತ್ರದ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮಲ್ಲಿ ಮೊದಲ ಪ್ರಶ್ನೆ ಅದೇ. ಮಿಸ್ಸಿಂಗ್ ಸೆಮಿಸ್ಟರ್ ಅಂಥದ್ದೇನನ್ನೂ ಕೊಡುವುದಿಲ್ಲ. ರೆಸ್ಯೂಮೆಯಲ್ಲಿ ತೋರಿಸಲು ಕಾಗದ ಬೇಕೆನ್ನುವವರಿಗೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್ ಇದೆ. ಅಲ್ಲಿ ಪಾಠ ಉಚಿತ, ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆದರೆ ಪ್ರಮಾಣಪತ್ರ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಅಲ್ಲಿ ನನಗೆ ಹಿಡಿಸಿತು. ಆದರೆ ಅದು ಅಲ್ಗಾರಿದಂಗಳ ಪಾಠ. ಇಲ್ಲಿ ಚರ್ಚಿಸುತ್ತಿರುವ ಕೈಕೆಲಸಕ್ಕೆ ಬದಲಿಯಲ್ಲ.

ಕೆಲವು ವ್ಯಾವಹಾರಿಕ ಸೂಚನೆಗಳು. ಕೋರ್ಸಿಗೆ ಯುನಿಕ್ಸ್ ಬಗೆಯ ಶೆಲ್ ಬೇಕು. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಬೇಕು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಅನುಮತಿ ಕೇಳಿ ನಾನು ಮೂರು ವಾರ ಕಾದೆ, ಟಿಕೆಟ್ ಎರಡು ಸಲ ತಾನಾಗಿಯೇ ಮುಚ್ಚಿಹೋಯಿತು, ಕೊನೆಗೆ ಮನೆಯ ಹಳೆಯ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿ ಅದರಲ್ಲೇ ಮುಗಿಸಿದೆ. ವಿಡಿಯೋಗಳನ್ನು ಒಂದು ವಾರಾಂತ್ಯದಲ್ಲಿ ನೋಡಿ ಮುಗಿಸಬಹುದು ನಿಜ, ಹಾಗೆ ನೋಡಿದ ಗೆಳೆಯನಿಗೆ ಒಂದು ತಿಂಗಳ ನಂತರ ಪೈಪ್ ಎಂಬ ಪದ ಬಿಟ್ಟು ಬೇರೇನೂ ನೆನಪಿರಲಿಲ್ಲ. ಅಭ್ಯಾಸಗಳನ್ನು ಮಾಡುತ್ತ ಹೋದ ನನಗೆ ಒಂಬತ್ತು ವಾರ ಹಿಡಿಯಿತು. ಕಮಾಂಡುಗಳನ್ನು ಬರೆದುಕೊಡಲು ಈಗ ಎಐ ಇದೆಯಲ್ಲ, ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಎಂಟರ್ ಒತ್ತುವ ಬೆರಳು ಇನ್ನೂ ನಮ್ಮದೇ, ಬರೆದುಕೊಟ್ಟದ್ದನ್ನು ಓದಲು ಬಾರದಿದ್ದರೆ ನಾನು ಆ ಶುಕ್ರವಾರ ಮಾಡಿದ್ದನ್ನೇ ಇನ್ನಷ್ಟು ವೇಗವಾಗಿ ಮಾಡಬಹುದು. ಎಲ್ಲಕ್ಕೂ ಸಮಯವಿಲ್ಲವೆನ್ನುವವರು ಒಂದು, ಎರಡು, ನಾಲ್ಕು ಮತ್ತು ಆರನೆಯ ಪಾಠಗಳನ್ನು ಅಭ್ಯಾಸ ಸಹಿತ ಮಾಡಿ, ಉಳಿದವನ್ನು ಬೇಕಾದಾಗ ತೆರೆದು ನೋಡಲಿ.

ಈಗ ನಮ್ಮ ತಂಡಕ್ಕೆ ಹೊಸಬರು ಬಂದಾಗ ಮೊದಲ ವಾರ ನಾನು ಕೊಡುವುದು ಎರಡನೆಯ ಪಾಠದ ಆ 42ರ ಸ್ಕ್ರಿಪ್ಟನ್ನು. ಕಳೆದ ಸಲ ದಾವಣಗೆರೆಯಿಂದ ಬಂದ ಹುಡುಗಿಯೊಬ್ಬಳು ಮಧ್ಯಾಹ್ನದ ಊಟಕ್ಕೂ ಮೊದಲೇ ಎದುರು ಬಂದು ನಿಂತು, ‘ಸರ್, ನೂರಾ ಎಂಟನೇ ಸಲಕ್ಕೆ ಬಿತ್ತು’ ಎಂದಳು. ನೋಡಿದರೆ ನಾನು ಒಂಬತ್ತು ಸಾಲಿನಲ್ಲಿ ಬರೆದಿದ್ದನ್ನು ಅವಳು ಒಂದೇ ಸಾಲಿನ ವೈಲ್ ಲೂಪಿನಲ್ಲಿ ಮುಗಿಸಿದ್ದಳು.